‘ಘಟ್ಟದವ’: ಒಂದು ಜೆಪ್ಪು ಪದದ ಅರ್ಥ ಮತ್ತು ವ್ಯುತ್ಪತ್ತಿ

ಘಟ್ಟದವ (ತುಳುವಿನಲ್ಲಿ ಗಟ್ಟದಾಯೆ, ಬಹುವಚನ ಗಟ್ಟದಕುಲು) ಎಂಬುದು ಮಂಗಳೂರಿನ ಜೆಪ್ಪು ಮತ್ತು ಆಸುಪಾಸಿನಲ್ಲಿ ‘ಹಳ್ಳಿಗಮಾರ’ ಎಂಬರ್ಥದಲ್ಲಿ ಸಲ್ಲುವ ನಾಮಪದ. ಉಳಿದೆಡೆ ಹಳ್ಳಿಗನನ್ನು ಅಳೆಯುವುದು ಅವನ ಊರಿನ ಗಾತ್ರದಿಂದ, ಜೆಪ್ಪುವಿನಲ್ಲಿ ಸಮುದ್ರಮಟ್ಟದಿಂದ. ಬೆಳ್ತಂಗಡಿಯ ಕಾಡಂಚಿನಲ್ಲಿ ಬಸ್ಸು ಕಾಣದೆ ಬೆಳೆದವ ‘ನಮ್ಮವ’. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವ ಘಟ್ಟದವ. ಅವನು ಹತ್ತನೆಯ ಮಹಡಿಯಲ್ಲಿದ್ದರೆ ರೋಗ ಇನ್ನಷ್ಟು ಉಲ್ಬಣ.

ವ್ಯುತ್ಪತ್ತಿಯಲ್ಲಿ ಮೂರು ಪಕ್ಷಗಳು ಸಾಧ್ಯ. ಮೊದಲನೆಯ ಪಕ್ಷದಂತೆ ಮೂಲವು ಸಂಸ್ಕೃತದ ‘ಘಟ್ಟ’, ಅಂದರೆ ನದಿಗಿಳಿಯುವ ಮೆಟ್ಟಿಲು. ಕನ್ನಡಕ್ಕೆ ಬಂದು ಅದೇ ಬೆಟ್ಟವಾಗಿ ನಿಂತಿತು. ಮುಂಬಯಿಯಲ್ಲಿ ಇದರ ದಾಯಾದಿ, ಅಲ್ಲಿಯ ಘಟ್ಟದವರನ್ನು ಹೀಗಳೆಯುವ ‘ಘಾಟಿ’. ಅಲ್ಲಿ ಹೋಟೆಲು ತೆರೆದ ಕರಾವಳಿಯವರಿಗೆ ಈ ಪದವೊಂದನ್ನು ಹೊಸದಾಗಿ ಕಲಿಯುವ ಶ್ರಮ ತಪ್ಪಿತು. ಎರಡನೆಯ ಪಕ್ಷದಂತೆ, ತುಳು ನಾಲಗೆಗೆ ಮಹಾಪ್ರಾಣ ಒಗ್ಗದ ಕಾರಣ ಮೂಲವು ‘ಗಟ್ಟಿ’, ಅಂದರೆ ಗಟ್ಟಿಯಾಗಿ ಮಾತಾಡುವವ. ಇದು ನಿಲ್ಲದು: ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಬಸ್ ಕಂಡಕ್ಟರುಗಳು ಘಟ್ಟದವರಲ್ಲ. ಮೂರನೆಯ ಪಕ್ಷ ಪದವನ್ನು ಬಿಟ್ಟು ಊರಿನ ಹೆಸರನ್ನೇ ಹಿಡಿಯುತ್ತದೆ: ತುಳುವಿನಲ್ಲಿ ‘ಜಪ್ಪು’ ಎಂದರೆ ಇಳಿ. ಘಟ್ಟದಿಂದ ಇಳಿದವರು ನೆಲೆಸಿದ ಜಾಗವೇ ಜೆಪ್ಪು ಎಂಬುದು ಅದರ ವಾದ. ಇದನ್ನು ಜೆಪ್ಪುವಿನಲ್ಲಿ ಮಂಡಿಸುವ ಧೈರ್ಯ ಯಾರಿಗೂ ಬಂದಂತಿಲ್ಲ.

ಗಡಿಯ ಪ್ರಶ್ನೆ ಹೆಚ್ಚು ಜಟಿಲ. ಘಟ್ಟದ ಬುಡದ ಸೋಮೇಶ್ವರದಿಂದ ಮೇಲಿನ ಆಗುಂಬೆಗೆ ಹತ್ತುವ ದಾರಿಯಲ್ಲಿ 14 ತಿರುವುಗಳಿವೆ. ಮನುಷ್ಯ ಎಷ್ಟನೆಯ ತಿರುವಿನಲ್ಲಿ ಘಟ್ಟದವನಾಗುತ್ತಾನೆ? ವಾಂತಿ ಬರುವ ತಿರುವಿನಲ್ಲಿ ಎನ್ನುವುದು ಸಮಂಜಸ. ಆದರೆ ಅದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ.

ಪದಕ್ಕೆ ರಾಜಕೀಯ ಆಸರೆಯೂ ಇತ್ತು. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿನದು, ಘಟ್ಟದ ಮೇಲೆ ಮೈಸೂರು. ಆ ವರ್ಷದ ನವೆಂಬರ್ 1ರಂದು ರಾಜ್ಯ ಒಂದಾಯಿತು. ಸುದ್ದಿ ಪದಕ್ಕೆ ಮುಟ್ಟಲಿಲ್ಲ. ರಾಜಧಾನಿ ಘಟ್ಟದ ಮೇಲೆಯೇ ಉಳಿದದ್ದರಿಂದ, ಶಾಸ್ತ್ರಶುದ್ಧವಾಗಿ ಹೇಳುವುದಾದರೆ, ವಿಧಾನಸೌಧವೂ ಹಳ್ಳಿಯೇ. ಘಟ್ಟ ಹತ್ತಿದ್ದೆಲ್ಲ ಘಟ್ಟದ್ದಾಗುವುದೂ ಇಲ್ಲ: ಜೆಪ್ಪುವಿನ ಮೋರ್ಗನ್ಸ್ ಗೇಟ್ ಬಳಿ ನೇತ್ರಾವತಿ ದಡದಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಸುಡತೊಡಗಿದ ಹಂಚು ಘಟ್ಟ ಹತ್ತಿ ಅಲ್ಲಿನ ಮಾಡುಗಳ ಮೇಲೆ ಕೂತಿತು. ಹಂಚನ್ನು ಮಾತ್ರ ಯಾರೂ ಘಟ್ಟದ್ದೆನ್ನಲಿಲ್ಲ.

ಘಟ್ಟದವನ ಲಕ್ಷಣಗಳು: ಕುಚ್ಚಲಕ್ಕಿ ಅನ್ನ ಕಂಡು ‘ಇನ್ನೂ ಬೆಂದಿಲ್ವಾ’ ಎನ್ನುವುದು, ಬಂಗುಡೆಯ ಮುಳ್ಳಿನೆದುರು ಕೈಕಟ್ಟಿ ಕೂರುವುದು, ಕೊಡೆಯಿಲ್ಲದೆ ಬಂದು ಜೂನ್ ತಿಂಗಳಲ್ಲಿ ‘ಮಳೆ ನಿಲ್ಲಲಿ, ಹೊರಡೋಣ’ ಎಂದು ಅಂಗಡಿ ಮಾಡಿನಡಿ ಕಾಯುವುದು. ಕೊನೆಯದು ನಿರ್ಣಾಯಕ, ಅಂಥವನು ಸೆಪ್ಟೆಂಬರಿನವರೆಗೂ ಅಲ್ಲೇ ಸಿಗುತ್ತಾನೆ.

ಪದ ತರಕಾರಿಗೂ ವ್ಯಾಪಿಸಿದೆ. ಮಾರುಕಟ್ಟೆಯಲ್ಲಿ ‘ಊರಿನ ಬೆಂಡೆ’ ತುಟ್ಟಿ, ‘ಘಟ್ಟದ ಬೆಂಡೆ’ ಅಗ್ಗ. ಗ್ರಾಹಕ ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಕೊಳ್ಳುತ್ತಾನೆ.

ಘಟ್ಟದ ಮೇಲೆ ಈ ಪದಕ್ಕೆ ಸಮಬಲದ ಪ್ರತಿಪದ ಬೆಳೆದಿಲ್ಲ. ಅಲ್ಲಿಯವರು ‘ಎಂತದು ಮಾರಾಯ್ರೆ’ ಎಂದು ಅಣಕಿಸುವುದುಂಟು. ಕರಾವಳಿಯವರು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸುವುದರಿಂದ ಬಾಕಿ ಹಾಗೆಯೇ ಉಳಿದಿದೆ.