ವಿಳಂಬಮೀಮಾಂಸೆ: ಬಹುಸರ್ವರಾತ್ಮಕ ಶೋಧವ್ಯವಸ್ಥೆಯ ಕಾಲಮಾಪನವನ್ನು ಕುರಿತು

ಕೌಟಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣವು ಉಗ್ರಾಣದ ಧಾನ್ಯ, ಸುರೆಯ ವ್ಯಾಪಾರ, ಆನೆಗಳ ಆಹಾರ ಮೊದಲಾದ ಘನವಿಷಯಗಳ ನಡುವೆ ಕಾಲಮಾನಕ್ಕೂ ಕೊಂಚ ಎಡೆಯಿತ್ತು, ಎರಡು ತ್ರುಟಿಗಳು ಒಂದು ಲವ, ಎರಡು ಲವಗಳು ಒಂದು ನಿಮೇಷ, ಐದು ನಿಮೇಷಗಳು ಒಂದು ಕಾಷ್ಠೆ, ಮೂವತ್ತು ಕಾಷ್ಠೆಗಳು ಒಂದು ಕಲೆ, ನಲವತ್ತು ಕಲೆಗಳು ಒಂದು ನಾಡಿಕೆಯೆಂದು ವಿಧಿಸುತ್ತದೆ. ನಾಡಿಕೆಗೆ ಇಂದಿನ ಲೆಕ್ಕದಲ್ಲಿ 24 ನಿಮಿಷಗಳಾದುದರಿಂದ, ಭಾಗಿಸುವ ತಾಳ್ಮೆಯುಳ್ಳವರಿಗೆ ನಿಮೇಷವು 240 ಮಿಲಿಸೆಕೆಂಡೆಂದೂ ತ್ರುಟಿಯು 60 ಮಿಲಿಸೆಕೆಂಡೆಂದೂ ಗೋಚರವಾಗುವುದು. ಆನೆಗೆ ಮೇವು ಹಾಕಿಸುವ ರಾಜ್ಯಕ್ಕೆ ಇಂಥ ಸೂಕ್ಷ್ಮವಾದ ಅಳತೆ ಏತಕ್ಕೆ ಬೇಕಾಯಿತು? ಪ್ರಸ್ತುತ ಲೇಖಕನ ನಮ್ರ ಅಭಿಪ್ರಾಯದಲ್ಲಿ ಚಾಣಕ್ಯನು ಶೋಧಯಂತ್ರಗಳ ಲೇಟೆನ್ಸಿಯನ್ನು, ಎಂದರೆ ಉತ್ತರದ ವಿಳಂಬವನ್ನು, ಮುಂಗಂಡೇ ಈ ಸೂತ್ರಗಳನ್ನು ರಚಿಸಿದನು. ಪ್ರಮಾಣವೇನೆಂದು ಕೇಳುವ ಅರಸಿಕರಿಗೆ, ಇದಕ್ಕೆ ವಿರುದ್ಧವಾಗಿ ಆತನು ಎಲ್ಲಿಯೂ ಬರೆದಿಲ್ಲವೆಂಬುದೇ ಪ್ರಮಾಣ.

ಲಕ್ಷ್ಯಕ್ಕಾಗಿ 2010ರಲ್ಲಿ ಅವತರಿಸಿದ ಎಲಾಸ್ಟಿಕ್‌ಸರ್ಚ್ ಎಂಬ ಶೋಧಯಂತ್ರವನ್ನು ತೆಗೆದುಕೊಳ್ಳೋಣ. ಇದರ ಇಂಡೆಕ್ಸು ಶಾರ್ಡುಗಳೆಂಬ ತುಂಡುಗಳಾಗಿ ಅನೇಕ ಸರ್ವರುಗಳಲ್ಲಿ ಹಂಚಿಹೋಗಿರುವುದು. ಪ್ರಶ್ನೆಯನ್ನು ಬರಮಾಡಿಕೊಂಡ ಸರ್ವರೇ ಕೋಆರ್ಡಿನೇಟರ್ ಪದವಿಯನ್ನು ವಹಿಸಿ, ಅದನ್ನು ಪ್ರತಿಯೊಂದು ಶಾರ್ಡಿಗೂ ಕಳುಹಿ, ಅವು ಒಪ್ಪಿಸಿದ ಗುರುತುಗಳನ್ನೂ ಅಂಕಗಳನ್ನೂ ಕ್ರಮಪಡಿಸಿ, ಮೇಲಿನ ಹತ್ತು ದಾಖಲೆಗಳನ್ನು ಮಾತ್ರ ಮರಳಿ ತರಿಸಿಕೊಂಡು ಉತ್ತರವನ್ನು ದಯಪಾಲಿಸುವುದು. ಆ ಉತ್ತರದ ನೆತ್ತಿಯಲ್ಲಿ ‘ಟುಕ್’ ಎಂಬ ಹೆಸರಿನಿಂದ ಮಿಲಿಸೆಕೆಂಡುಗಳ ಸಂಖ್ಯೆಯೊಂದು ಶೋಭಿಸುತ್ತಿರುವುದು. ವಿದ್ವತ್ಕಲಹಕ್ಕೆ ಇದಿಷ್ಟು ಸಾಕು.

ಟುಕ್‌ವಾದಿಗಳ ಮತದಲ್ಲಿ ಆ ಸಂಖ್ಯೆಯೇ ಪರಮಸತ್ಯ. ಅದರಲ್ಲಿ ಸರದಿಯ ಕಾಯುವಿಕೆಯೂ ಸರ್ವರುಗಳ ಪರಸ್ಪರ ಸಂಭಾಷಣೆಯೂ ಅಂತರ್ಗತವಾಗಿರುವುದು ನಿಜ. ಆದರೆ ಪ್ರಶ್ನೆಯು ಕೋಆರ್ಡಿನೇಟರಿನ ಬಾಗಿಲನ್ನು ಮುಟ್ಟುವವರೆಗಿನ ಪ್ರಯಾಣವಾಗಲಿ, ಉತ್ತರವನ್ನು ಜೇಸನ್ ರೂಪಕ್ಕಿಳಿಸುವ ಶ್ರಮವಾಗಲಿ, ಅದು ಕೇಳಿದವನ ಬಳಿಗೆ ಹಿಂದಿರುಗುವ ಹಾದಿಯಾಗಲಿ ಲೆಕ್ಕಕ್ಕೆ ಸೇರದು. ಕೇಳಿದವನ ಕಡೆಯಿಂದಲೇ ಕಾಲವನ್ನು ಅಳೆಯುವ ಗ್ರಾಹಕವಾದಿಗಳು ಇದನ್ನು ಖಂಡಿಸಿ, ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಮಾತ್ರ ಓಡುವುದರಿಂದ ಸಾವಿರ ಕಿಲೋಮೀಟರಿನಾಚೆಗೆ ಹೋಗಿಬರುವಷ್ಟಕ್ಕೇ 10 ಮಿಲಿಸೆಕೆಂಡು ವ್ಯಯವಾಗುವುದನ್ನು ತೋರಿಸಿಕೊಡುವರು. ಇವರ ನಡುವಣ ತತ್ತ್ವಭೇದವನ್ನು ದೀರ್ಘಕಾಲ ಪರಿಶೀಲಿಸಿದಲ್ಲಿ, ತಂತಮ್ಮ ಇಲಾಖೆಯ ಹೊಣೆ ಎಲ್ಲಿ ಮುಗಿಯುವುದೋ ಅಲ್ಲಿಯೇ ಕಾಲವೂ ಮುಗಿಯುವುದೆಂಬ ವಿಷಯದಲ್ಲಿ ಉಭಯರಿಗೂ ಸಂಪೂರ್ಣ ಐಕಮತ್ಯವಿರುವುದು ಕಂಡುಬರುತ್ತದೆ.

ಇದಕ್ಕಿಂತ ಗಹನವಾದದ್ದು ಪುಚ್ಛವಿಚಾರ, ಎಂದರೆ ಎಲ್ಲಕ್ಕಿಂತ ತಡವಾಗಿ ಬರುವ ಉತ್ತರಗಳ ವಿಚಾರ. ಪಂಕ್ತಿಭೋಜನದಲ್ಲಿ ತೊಂಬತ್ತೊಂಬತ್ತು ಮಂದಿ ಮಜ್ಜಿಗೆಯನ್ನವನ್ನೂ ಮುಗಿಸಿ ಕೈ ಒಣಗಿಸಿಕೊಂಡು ಕುಳಿತಿದ್ದರೂ, ಮೂಲೆಯ ಹಿರಿಯರೊಬ್ಬರು ಎರಡನೆಯ ಸಲದ ಸಾರಿನಲ್ಲಿ ತಲ್ಲೀನರಾಗಿರುವ ತನಕ ಯಾರೂ ಏಳತಕ್ಕದ್ದಲ್ಲವಷ್ಟೆ. ಶಾರ್ಡುಗಳ ಧರ್ಮವೂ ಅದೇ. ಗೂಗಲ್ಲಿನ ಜೆಫ್ರಿ ಡೀನ್ ಮತ್ತು ಲೂಯಿಸ್ ಆಂಡ್ರೆ ಬರೋಸೊ ಎಂಬ ಆಚಾರ್ಯದ್ವಯರು 2013ರಲ್ಲಿ ತೋರಿಸಿಕೊಟ್ಟಂತೆ, ಸಾಮಾನ್ಯವಾಗಿ 10 ಮಿಲಿಸೆಕೆಂಡಿನಲ್ಲಿ ಉತ್ತರಿಸುವ ಸರ್ವರು ನೂರಕ್ಕೊಮ್ಮೆ ಮಾತ್ರ ಒಂದು ಸೆಕೆಂಡು ಹಿಡಿಯುವುದಾದರೆ, ಅಂಥ 100 ಸರ್ವರುಗಳನ್ನು ಒಟ್ಟಿಗೆ ವಿಚಾರಿಸಬೇಕಾದ ಪ್ರಶ್ನೆಗಳಲ್ಲಿ ನೂರಕ್ಕೆ 63 ಒಂದು ಸೆಕೆಂಡನ್ನು ಮೀರುವುವು. ಒಂದೊಂದು ಸರ್ವರನ್ನೂ ಬಿಡಿಯಾಗಿ ಪರೀಕ್ಷಿಸಿದರೆ ಎಲ್ಲರೂ ಸಾಧುಗಳೇ! ಅವರೇ ವಿವರಿಸಿದ ಪರಿಹಾರವೂ ಉಂಟು: 10 ಮಿಲಿಸೆಕೆಂಡು ಕಾದು, ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಇನ್ನೊಂದು ಸರ್ವರಿಗೂ ಹಾಕುವುದು. ಒಬ್ಬರನ್ನು ಕೇಳಿ, ಅವರು ಬಾಯಿ ತೆರೆಯುವ ಮುನ್ನ ಪಕ್ಕದವರನ್ನು ಕೇಳುವುದು ಸಂಭಾವಿತರ ನಡತೆಯಲ್ಲ. ಆದರೆ ಗೂಗಲ್ಲಿನ ಬಿಗ್‌ಟೇಬಲ್ ಎಂಬ ದತ್ತಸಂಗ್ರಹದ ಪ್ರಯೋಗವೊಂದರಲ್ಲಿ, ಶೇಕಡ 2ರಷ್ಟು ಹೆಚ್ಚಿನ ಪ್ರಶ್ನೆಗಳ ಖರ್ಚಿನಲ್ಲಿ, 99.9ನೆಯ ಪರ್ಸೆಂಟೈಲು, ಎಂದರೆ ಸಾವಿರದಲ್ಲಿ 999 ಉತ್ತರಗಳು ಬಂದು ಮುಗಿಯುವ ಕಾಲ, 1800ರಿಂದ 74 ಮಿಲಿಸೆಕೆಂಡಿಗೆ ಇಳಿದುದರಿಂದ ಈ ಅಸಭ್ಯತೆಯನ್ನು ಆಪದ್ಧರ್ಮವೆಂದು ಮನ್ನಿಸಬಹುದು.

ಹತ್ತು ಸರ್ವರುಗಳ ಪರ್ಸೆಂಟೈಲುಗಳನ್ನು ಕೂಡಿ ಹತ್ತರಿಂದ ಭಾಗಿಸುವ ಸಂಪ್ರದಾಯವೊಂದುಂಟು. ಹಾಗೆ ದೊರೆತ ಸಂಖ್ಯೆಯು ಯಾವ ವಸ್ತುವಿನ ಅಳತೆಯೂ ಅಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಸಿರಾಗಿ ಬೆಳಗುವುದೇ ಅದರ ಪುರುಷಾರ್ಥ.

ಪರೀಕ್ಷಕನ ದಾಕ್ಷಿಣ್ಯದಿಂದ ಹುಟ್ಟುವ ದೋಷವಾದರೋ ಇನ್ನೂ ರಸವತ್ತಾದದ್ದು. ಇದಕ್ಕೆ ಗಿಲ್ ಟೆನೆ ಎಂಬ ತಜ್ಞನು ಕೋಆರ್ಡಿನೇಟೆಡ್ ಒಮಿಷನ್ ಎಂದು ನಾಮಕರಣ ಮಾಡಿರುವನು. ಪರೀಕ್ಷಾಯಂತ್ರವು 10 ಮಿಲಿಸೆಕೆಂಡಿಗೊಂದರಂತೆ ಪ್ರಶ್ನೆ ಹಾಕುತ್ತಿರುವುದೆನ್ನಿ. ಸರ್ವರು 100 ಸೆಕೆಂಡುಗಳ ಕಾಲ ಪ್ರತಿಯೊಂದಕ್ಕೂ ಒಂದೇ ಮಿಲಿಸೆಕೆಂಡಿನಲ್ಲಿ ಉತ್ತರಿಸಿ, ಬಳಿಕ 100 ಸೆಕೆಂಡು ನಿಶ್ಚೇಷ್ಟಿತವಾಗಿ ಬಿದ್ದಿರುವುದೆನ್ನಿ. ಒಂದು ಉತ್ತರ ಬರುವ ತನಕ ಮತ್ತೊಂದನ್ನು ಕೇಳಬಾರದೆಂಬ ಸೌಜನ್ಯವುಳ್ಳ ಪರೀಕ್ಷಕನು ಆ ಮೂರ್ಛಾಕಾಲವನ್ನೆಲ್ಲ ಒಂದೇ ಪ್ರಶ್ನೆಯ ಖಾತೆಗೆ ಬರೆದು, ಸರಾಸರಿ ಸುಮಾರು 11 ಮಿಲಿಸೆಕೆಂಡು, 99ನೆಯ ಪರ್ಸೆಂಟೈಲು ಒಂದೇ ಮಿಲಿಸೆಕೆಂಡು ಎಂದು ಪ್ರಶಸ್ತಿಪತ್ರ ನೀಡುವನು. ಆ ಅವಧಿಯಲ್ಲಿ ಕೇಳಬೇಕಾಗಿದ್ದ, ಆದರೆ ಕೇಳದೆ ಉಳಿದ, ಸುಮಾರು ಹತ್ತು ಸಾವಿರ ಪ್ರಶ್ನೆಗಳನ್ನು ಸೇರಿಸಿದಲ್ಲಿ ಸರಾಸರಿಯು 25 ಸೆಕೆಂಡು, ಎಂದರೆ ನೂರು ನಿಮೇಷಗಳಿಗೂ ಮಿಗಿಲು. ಹೊರಗಿನ ಬಳಕೆದಾರರಿಗೆ ಈ ಸೌಜನ್ಯವಿರುವುದಿಲ್ಲ. ಸರ್ವರು ಮಲಗಿದಾಗಲೂ ಅವರು ಕೇಳುತ್ತಲೇ ಇರುವರು.

ಇನ್ನು ಗಡಿಯಾರಗಳ ಪ್ರಾಮಾಣ್ಯ. ಎರಡು ಯಂತ್ರಗಳ ಗಡಿಯಾರಗಳನ್ನು ಕಾಲ ಹೊಂದಿಸುವ ಎನ್‌ಟಿಪಿ ವ್ಯವಸ್ಥೆಯು ಎಷ್ಟೇ ತಿದ್ದಿದರೂ ಅವುಗಳ ನಡುವೆ ಅಲ್ಪಸ್ವಲ್ಪ ವೈಮನಸ್ಯ ಉಳಿದೇ ಇರುವುದರಿಂದ, ಹೊರಟ ವೇಳೆಯನ್ನು ಒಂದರಲ್ಲಿಯೂ ತಲಪಿದ ವೇಳೆಯನ್ನು ಇನ್ನೊಂದರಲ್ಲಿಯೂ ನೋಡಿದವನಿಗೆ, ಪ್ರಶ್ನೆಯು ಹೊರಡುವ ಮುನ್ನವೇ ತಲಪಿದ ಅದ್ಭುತವು ಆಗಾಗ ಕಾಣಸಿಗುವುದು. ಇದನ್ನು ಪೂರ್ವಜನ್ಮಸಂಸ್ಕಾರವೆಂದು ವೇದಾಂತಿಗಳು ವ್ಯಾಖ್ಯಾನಿಸಬಹುದು. ಹಿಂದುಮುಂದಾಗಿ ಚಲಿಸದ ಮಾನೊಟೋನಿಕ್ ಗಡಿಯಾರದಿಂದ ಒಂದೇ ಯಂತ್ರದಲ್ಲಿ ಆದಿಯನ್ನೂ ಅಂತ್ಯವನ್ನೂ ಅಳೆಯತಕ್ಕದ್ದೆಂದು ಶಾಸ್ತ್ರವಿದೆ. ಆದರೆ ಆ ಋಣಸಂಖ್ಯೆಗಳನ್ನು ಕಿತ್ತುಹಾಕಲು ಹೊರಟ ಎಂಜಿನಿಯರನಿಗೆ, ಅವು ಸರಾಸರಿಯನ್ನು ಸೊಗಸಾಗಿ ತಗ್ಗಿಸುತ್ತಿವೆಯೆಂಬ ಅರಿವು ಉಂಟಾದೊಡನೆ, ತ್ರೈಮಾಸಿಕ ವರದಿಯು ಮೇಲಿನವರ ಸನ್ನಿಧಿಯನ್ನು ಸೇರುವ ತನಕ ಅವುಗಳನ್ನು ಇದ್ದಲ್ಲಿಯೇ ಇರಗೊಡುವುದು ಶಿಷ್ಟಾಚಾರ.