ವೃತ್ತಮೀಮಾಂಸೆ: ಯತಿ, ಪ್ರಾಸ ಮತ್ತು ಇಂಡಿಕೇಟರ್ ಕುರಿತು ಒಂದು ಕಿರುಭಾಷ್ಯ

ಕನ್ನಡದಲ್ಲಿ ‘ವೃತ್ತ’ ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು ಛಂದಸ್ಸಿನದು: ಪಂಪ, ರನ್ನರ ಕೈಯಲ್ಲಿ ಪಳಗಿದ ಉತ್ಪಲಮಾಲೆ, ಚಂಪಕಮಾಲೆ ಇತ್ಯಾದಿ. ಇನ್ನೊಂದು ನಗರಪಾಲಿಕೆಯದು: ನಾಲ್ಕು ರಸ್ತೆ ಕೂಡುವಲ್ಲಿ ನಡುವೆ ಒಂದು ಗುಂಡನೆಯ ಕಟ್ಟೆ, ಕಟ್ಟೆಯ ಮೇಲೊಬ್ಬ ಮಹನೀಯರು, ಅವರ ಕಾಲಬುಡದಲ್ಲಿ ಒಣಗಿದ ಹುಲ್ಲು, ಸುತ್ತ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಇವೆರಡೂ ಬೇರೆ ಬೇರೆ ಎಂದೇ ಬಗೆದು ಈವರೆಗಿನ ವಿದ್ವಾಂಸರು ಮೋಸಹೋಗಿದ್ದಾರೆ. ಎರಡೂ ಒಂದೇ ಎಂದು ಸಾಧಿಸಲು ಹೊರಟಿದ್ದೇನೆ. ಮೊದಲನೆಯದನ್ನು ಬಲ್ಲ ಪಂಡಿತರು ಎರಡನೆಯದರ ಹತ್ತಿರ ಸುಳಿಯುವುದಿಲ್ಲ. ಎರಡನೆಯದರಲ್ಲಿ ದಿನವೂ ಗಾಡಿ ಓಡಿಸುವವರು ಮೊದಲನೆಯದನ್ನು ಎಸ್ಸೆಸ್ಸೆಲ್ಸಿ ಕನ್ನಡ ಪರೀಕ್ಷೆ ಮುಗಿದ ಸಂಜೆಯೇ ಮರೆತಿರುತ್ತಾರೆ. ಹೀಗಾಗಿ ಈ ಸಂಶೋಧನೆ ನನ್ನ ತಲೆಗೆ ಬಂತು.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಿಯೇ ಮುಂದುವರಿಯಬೇಕು. ಅಧಿಕಾರಿ: ಡಿಎಲ್ ಇದ್ದವನು, ಇಲ್ಲದವನೂ ಓಡಿಸುತ್ತಾನಾದ್ದರಿಂದ ಅವನೂ. ವಿಷಯ: ಸರ್ಕಲ್. ಸಂಬಂಧ: ನಮ್ಮ ಮಡ್‌ಗಾರ್ಡಿಗೂ ಪರರ ಬಂಪರಿಗೂ ಏರ್ಪಡಬಹುದಾದದ್ದು. ಪ್ರಯೋಜನ: ಮನೆ ಸೇರುವುದು. ‘ಸರ್ಕಲ್ ಇನ್ಸ್‌ಪೆಕ್ಟರ್’ ಎಂಬ ಹುದ್ದೆಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನೂ ಮೊದಲು ಇದೆಯೆಂದೇ ತಿಳಿದು ಸ್ಟೇಷನ್ನಿಗೆ ಹೋಗಿ ಬಂದಿದ್ದೆ.

ಸಂಶೋಧನಾ ಕ್ಷೇತ್ರ ಮೈಸೂರು. ಕಾರಣ, ಇಲ್ಲಿ ವೃತ್ತಗಳು ಇನ್ನೂ ವೃತ್ತಗಳಾಗಿ ಉಳಿದಿವೆ. ಬೆಂಗಳೂರಿನಲ್ಲಿ ಮೇಖ್ರಿ ಸರ್ಕಲ್ ಎನ್ನುತ್ತಾರೆ. ಹೋಗಿ ನೋಡಿದರೆ ಕೆಳಗೆ ಅಂಡರ್‌ಪಾಸು, ಮೇಲೆ ಸಿಗ್ನಲ್ಲು. ಅದು ಪಾಠ ನಷ್ಟವಾಗಿ ಹೆಸರು ಮಾತ್ರ ಉಳಿದ ಕಾವ್ಯ. ಮೈಸೂರಿನಲ್ಲಾದರೆ ಕೆ.ಆರ್. ಸರ್ಕಲ್ಲಿನಲ್ಲಿ ನಾಲ್ವಡಿಯವರು, ಅರಮನೆಯ ಬಡಗಣ ಬದಿಯಲ್ಲಿ ಚಾಮರಾಜೇಂದ್ರ ಒಡೆಯರು ಮಂಟಪದ ನೆರಳಲ್ಲಿ ನಿಂತಿದ್ದಾರೆ. ನಮ್ಮಲ್ಲಿ ರಸ್ತೆಯ ಎಡಕ್ಕೆ ಓಡಿಸುವುದು ಕಾನೂನಾದ್ದರಿಂದ ವೃತ್ತವನ್ನು ಗಡಿಯಾರದ ಮುಳ್ಳಿನಂತೆಯೇ ಸುತ್ತಬೇಕು. ಆಗ ನಡುವಿನ ಮೂರ್ತಿ ಸದಾ ನಮ್ಮ ಬಲಗೈಗೆ ಬರುತ್ತದೆ. ಇದನ್ನೇ ನಮ್ಮ ಹಿರಿಯರು ಪ್ರದಕ್ಷಿಣೆ ಎಂದರು. ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನಲ್ಲಿ 1905ರಲ್ಲಿ ವಾಹನಗಳನ್ನು ಒಂದೇ ದಿಕ್ಕಿಗೆ ಸುತ್ತಿಸುವ ಕ್ರಮ ತಂದ ವಿಲಿಯಂ ಫೆಲ್ಪ್ಸ್ ಈನೋ, 1907ರಲ್ಲಿ ಪ್ಯಾರಿಸ್ಸಿನ ವಿಜಯದ್ವಾರದ ಸುತ್ತ ಅದನ್ನೇ ಮಾಡಿಸಿದ ಯೂಜೀನ್ ಎನಾರ್, ಇಬ್ಬರದೂ ಬಲಕ್ಕೆ ಓಡಿಸುವ ದೇಶ, ಪಾಪ, ಅಪ್ರದಕ್ಷಿಣೆ. ಅಪ್ರದಕ್ಷಿಣೆ ಯಾವ ಸಂದರ್ಭದಲ್ಲಿ ಹಾಕುತ್ತಾರೆಂಬುದನ್ನು ಪುರೋಹಿತರಲ್ಲಿ ಕೇಳಿ ತಿಳಿಯಿರಿ. ಅಂದಹಾಗೆ ರಸ್ತೆ ನಿಯಮಗಳ ಪಿತಾಮಹನೆನಿಸಿದ ಆ ಈನೋ ಸ್ವತಃ ಕಾರು ಓಡಿಸುವುದನ್ನು ಕಲಿಯಲೇ ಇಲ್ಲವಂತೆ. ಕಾವ್ಯಮೀಮಾಂಸಕರಲ್ಲೂ ಈ ಪರಂಪರೆ ಉಂಟು.

ಇಲ್ಲಿ ಪೂರ್ವಪಕ್ಷವೊಂದಿದೆ. ಸುತ್ತು ಹಾಕುವ ಸೋಮಾರಿತನಕ್ಕೆ ಕಟ್ಟೆಯ ಬಲಗಡೆಯಿಂದಲೇ ತೂರಿ ಎದುರು ಬರುವ ಪಂಥದವರು ಹೀಗೆ ವಾದಿಸುತ್ತಾರೆ: ಶಿವಾಲಯದಲ್ಲಿ ಪೂರ್ತಿ ಸುತ್ತುವಂತಿಲ್ಲ, ಅಭಿಷೇಕದ ನೀರು ಹರಿಯುವ ಸೋಮಸೂತ್ರವನ್ನು ದಾಟದೆ ಬಂದ ದಾರಿಯಲ್ಲೇ ತಿರುಗಬೇಕು, ನಮ್ಮ ಸರ್ಕಲ್ಲಿನಲ್ಲೂ ಒಡೆದ ಪೈಪಿನಿಂದ ನೀರು ಹರಿಯುತ್ತಿದೆ, ಅದನ್ನು ದಾಟುವುದು ಹೇಗೆ? ವಾದ ಚೆನ್ನಾಗಿದೆ. ಆದರೆ ಶಿವಾಲಯದಲ್ಲಿ ಎದುರಿನಿಂದ ಸಿಟಿ ಬಸ್ಸು ಬರುವುದಿಲ್ಲ.

ಈಗ ಮೂಲಸೂತ್ರಕ್ಕೆ ಬರೋಣ. ‘ಒಳಗಿದ್ದವನು ಹಿರಿಯ, ಹೊರಗಿದ್ದವನು ಕಿರಿಯ.’ ಸೂತ್ರ ನನ್ನದೇ, ತಾತ್ಪರ್ಯ ಕಾನೂನಿನದು. ಅಡ್ಡರಸ್ತೆ ಸೇರುವಾಗ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು ನಮ್ಮ 1989ರ ರಸ್ತೆ ನಿಯಮಾವಳಿ ಹೇಳಿತ್ತು. ಗಡಿಯಾರದ ದಿಕ್ಕಿಗೆ ಸುತ್ತುವ ವೃತ್ತದ ಬಾಯಲ್ಲಿ ನಿಂತು ನೋಡಿ: ಒಳಗೆ ಸುತ್ತುತ್ತಿರುವವನು ಯಾವಾಗಲೂ ನಮ್ಮ ಬಲಗಡೆಯಿಂದಲೇ ಬರುತ್ತಾನೆ. ಇದರ ಮರ್ಮ ತಿಳಿಯಬೇಕಾದರೆ ಮದುವೆ ಮನೆಗೆ ಹೋಗಬೇಕು. ಮೊದಲ ಪಂಕ್ತಿ ಕೂತಿದೆ. ಎರಡನೇ ಪಂಕ್ತಿಯವರು ಕುರ್ಚಿ ಬೆನ್ನಿನ ಮೇಲೆ ಕೈಯಿಟ್ಟು, ಊಟ ಮಾಡುವವರ ಎಲೆಯನ್ನೇ ದಿಟ್ಟಿಸುತ್ತ ನಿಂತಿದ್ದಾರೆ. ಕೂತವರು ಮಜ್ಜಿಗೆ ಮುಗಿಸಿ ಏಳುವವರೆಗೆ ಇವರು ಕೂರುವಂತಿಲ್ಲ. ಕೂತವರು ಎದ್ದರೆ ತಾನೇ ಎಲ್ಲರಿಗೂ ಊಟ. ಹಾಗಲ್ಲದೆ ನಿಂತವನಿಗೇ ಮೊದಲ ಹಕ್ಕು ಎಂದರೆ? ತೊಡೆಯ ಮೇಲೆ ಬಂದು ಕೂರುತ್ತಾನೆ, ಕೂತವನು ಏಳಲಾರ, ಬಡಿಸುವವನು ಸಾರಿನ ಬಕೆಟ್ಟು ಹಿಡಿದು ನಡುವೆ ಸಿಕ್ಕಿಕೊಳ್ಳುತ್ತಾನೆ. ಬ್ರಿಟನ್ನಿನಲ್ಲಿ ಲೆಚ್‌ವರ್ತ್ ಎಂಬ ಊರಲ್ಲಿ 1909ರ ಸುಮಾರಿಗೆ ಮೊದಲ ವೃತ್ತ ಬಂದರೂ, ಒಳಗಿದ್ದವರಿಗೆ ದಾರಿ ಬಿಡಿ ಎಂಬ ನಿಯಮ ದೇಶಕ್ಕೆಲ್ಲ ಅನ್ವಯವಾದದ್ದು 1966ರಲ್ಲಿ. ನಡುವಿನ ಅರ್ಧ ಶತಮಾನ ಅಲ್ಲಿ ನಡೆದದ್ದು ಇದೇ: ವೃತ್ತ ತುಂಬಿ, ಹೊರಹೋಗುವ ಬಾಯಿಗಳು ಕಟ್ಟಿ, ಎಲ್ಲವೂ ಗಟ್ಟಿಯಾಗಿ ನಿಂತುಬಿಡುವುದು. ಪ್ಯಾರಿಸ್ಸಿನ ವಿಜಯದ್ವಾರದ ಬಳಿ ಹನ್ನೆರಡು ರಸ್ತೆ ಕೂಡುತ್ತವೆ, ಇಂದಿಗೂ ಹೊರಗಿನಿಂದ ನುಗ್ಗುವವನದೇ ಮೇಲುಗೈ. ಅದನ್ನು ಅಲ್ಲಿಯವರು ಸಂಸ್ಕೃತಿ ಎನ್ನುತ್ತಾರೆ. ನಾವು ಅದನ್ನೇ ಮಾಡಿದರೆ ನೂಕುನುಗ್ಗಲು!

ಒಂದು ಲೆಕ್ಕ ಕೊಟ್ಟು ಈ ಭಾಗ ಮುಗಿಸುತ್ತೇನೆ. ನಾಲ್ಕು ರಸ್ತೆ ನೇರವಾಗಿ ಕೂಡುವಲ್ಲಿ ಗಾಡಿಗಳ ದಾರಿಗಳು ಪರಸ್ಪರ ತಾಕುವ ಬಿಂದುಗಳು 32. ಅಲ್ಲೇ ಒಂದು ಸಾಲಿನ ವೃತ್ತವಿಟ್ಟರೆ 8. ಮಿಕ್ಕ 24ನ್ನು ಎಲ್ಲಿಟ್ಟರು ಎಂದು ಕೇಳಬೇಡಿ. ನಮ್ಮವರು ಹುಡುಕಿ ತರುತ್ತಾರೆ.

ಇನ್ನು ನನ್ನ ಮುಖ್ಯ ಸಿದ್ಧಾಂತ. ಛಂದಸ್ಸಿನಲ್ಲಿ ಯತಿ ಎಂಬುದೊಂದಿದೆ: ಪದ್ಯದ ಪಾದದಲ್ಲಿ ಇಂಥ ಕಡೆ ಉಸಿರು ತೆಗೆದುಕೊಳ್ಳಬೇಕು, ಅಂದರೆ ನಿಲ್ಲಬೇಕು ಎಂಬ ಕಟ್ಟಳೆ. ಪ್ರಾಸ ಎಂಬುದು ಇನ್ನೊಂದು: ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮೊಳಗಬೇಕು. ಕನ್ನಡ ಕವಿಗಳು ಪ್ರಾಸದ ಮೋಹಕ್ಕೆ ಬಿದ್ದು ಯತಿಯನ್ನು ಗಾಳಿಗೆ ತೂರಿದರೆಂಬುದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕ್ಕೇ ಗೊತ್ತಿದ್ದ ಸಂಗತಿ. ಆ ಗ್ರಂಥದ ಹೆಸರಿನಲ್ಲಿ ‘ಮಾರ್ಗ’ ಇರುವುದು, ಅದರೊಳಗೆ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂಬ ಚರ್ಚೆ ಬರುವುದು ಕೇವಲ ಕಾಕತಾಳೀಯವೇ? ಈಗ ಯಾವುದೇ ಸರ್ಕಲ್ಲಿನ ಬಾಯಲ್ಲಿ ನಿಲ್ಲಿ. ನಿಲ್ಲಬೇಕಾದಲ್ಲಿ ಯಾರೂ ನಿಲ್ಲುವುದಿಲ್ಲ, ಯತಿಭಂಗ. ಹಾರ್ನು ಮಾತ್ರ ಯಾರೂ ಬಿಡುವುದಿಲ್ಲ, ಪ್ರಾಸ. ಕ್ಲಚ್ಚು ಮೊದಲ ಅಕ್ಷರ, ಹಾರ್ನು ಎರಡನೆಯದು. ಆದಿಪ್ರಾಸದ ಲಕ್ಷಣಕ್ಕೆ ಚಾಚೂ ತಪ್ಪಿಲ್ಲ. ಸಾವಿರದ ನೂರು ವರ್ಷದ ಸಾಹಿತ್ಯಿಕ ಅಭ್ಯಾಸವನ್ನು ಟ್ರಾಫಿಕ್ ಪೊಲೀಸಿನವರ ಒಂದು ರಸೀದಿ ಪುಸ್ತಕ ತಿದ್ದೀತೆ?

ಆಕ್ಷೇಪಣೆ ಬರಬಹುದು, ‘ಇದು ಪ್ರಾಸ-ಯತಿಗೆ ಮಾತ್ರ ಹೊಂದಿತು, ಗಣಗಳ ಗತಿಯೇನು’ ಎಂದು. ಅದಕ್ಕೂ ಉತ್ತರವಿದೆ. ಕನ್ನಡದ ಖ್ಯಾತ ವೃತ್ತಗಳು ಆರು. ಅವು ಜೋಡಿ ಜೋಡಿ: ಉತ್ಪಲಮಾಲೆಯ ಮೊದಲ ಗುರುವನ್ನು (ಎರಡು ಮಾತ್ರೆಯ ಅಕ್ಷರ) ಎರಡು ಲಘುವಾಗಿ (ಒಂದೊಂದು ಮಾತ್ರೆಯವು) ಒಡೆದರೆ ಚಂಪಕಮಾಲೆ, ಶಾರ್ದೂಲವಿಕ್ರೀಡಿತದಲ್ಲಿ ಹಾಗೆ ಮಾಡಿದರೆ ಮತ್ತೇಭವಿಕ್ರೀಡಿತ, ಸ್ರಗ್ಧರೆಯಲ್ಲಿ ಮಾಡಿದರೆ ಮಹಾಸ್ರಗ್ಧರೆ. ಒಂದು ಗುರು ಇರಬೇಕಾದ ಜಾಗದಲ್ಲಿ ಎರಡು ಲಘು! ಸರ್ಕಲ್ಲಿನ ಬಾಯಲ್ಲಿ ಒಂದು ಕಾರು ಹಿಡಿಸುವಷ್ಟು ಜಾಗ ತೆರೆದುಕೊಂಡಾಗ ಅಲ್ಲಿಗೆ ಎರಡು ಸ್ಕೂಟರು ಏಕಕಾಲಕ್ಕೆ ನುಗ್ಗುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಲಾಕ್ಷಣಿಕ ವಿವರಿಸಿದ್ದಾನೆ? ಶಾರ್ದೂಲವಿಕ್ರೀಡಿತವೆಂದರೆ ಹುಲಿಯಾಟ, ಅದು ಆಟೋ. ಮತ್ತೇಭವೆಂದರೆ ಮದವೇರಿದ ಆನೆ. ಬಸ್ಸಿನ ಹೆಸರು ಹೇಳಬೇಕೆ? ಮಹಾಸ್ರಗ್ಧರೆಗೆ ಉದಾಹರಣೆ ನಮ್ಮಲ್ಲಿ ಸಿಗಲಿಲ್ಲ. ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ 1972ರಿಂದ ಒಂದು ಇದೆ: ನಡುವೊಂದು ವೃತ್ತ, ಅದರ ಸುತ್ತ ಐದು ಪುಟ್ಟ ವೃತ್ತ, ಹೊರಗಿನವು ಪ್ರದಕ್ಷಿಣೆ, ನಡುವಿನದು ಅಪ್ರದಕ್ಷಿಣೆ. ಅಲ್ಲಿನ ಜನ ಅದನ್ನು ಮಾಯಾವೃತ್ತ ಎನ್ನುತ್ತಾರಂತೆ. ನಮ್ಮ ಊರಿನ ಆಟೋದವರನ್ನು ಕಳಿಸಿದರೆ ಒಂದೇ ದಿನದಲ್ಲಿ ಮಾಯೆ ಕಳಚೀತು.

ಉಳಿದದ್ದು ಧ್ವನಿ, ಎಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವುದು, ಅರ್ಥಾತ್ ಇಂಡಿಕೇಟರ್. ಶಾಸ್ತ್ರ ಸರಳ. ಮೊದಲ ರಸ್ತೆಗೇ ಎಡಕ್ಕೆ ಹೊರಳುವುದಾದರೆ ಒಳಗೆ ಬರುವ ಮುಂಚೆಯೇ ಎಡದ್ದು. ನೇರ ಹೋಗುವುದಾದರೆ ಒಳಗೆ ಬರುವಾಗ ಯಾವುದೂ ಬೇಡ. ನಮ್ಮ ರಸ್ತೆಗಿಂತ ಹಿಂದಿನ ಬಾಯಿ ದಾಟಿದೊಡನೆ ಎಡದ್ದು. ಬಲಕ್ಕಾದರೆ ಬಲದ್ದು ಹಾಕಿ, ಕಟ್ಟೆಗೆ ಹತ್ತಿರವಾಗಿ ಸುತ್ತಿ, ಕೊನೆಗೆ ಮತ್ತೆ ಎಡದ್ದು. ಯಾವ ದಿಕ್ಕಿಗೆ ಹೋಗುವವನೂ ಕೊನೆಗೆ ಎಡಕ್ಕೇ ಹೊರಬೀಳುತ್ತಾನೆ ಎಂಬಷ್ಟೇ ಇದರ ವೇದಾಂತ. ಪೂರ್ವಪಕ್ಷಿ ಹೇಳುತ್ತಾನೆ, ‘ಇಂಡಿಕೇಟರ್ ಹಾಕಿದರೆ ನಮ್ಮ ಗುಟ್ಟು ಹಿಂದಿನವನಿಗೆ ಗೊತ್ತಾಗಿ, ನಾವು ಹೋಗುವ ಜಾಗಕ್ಕೆ ಅವನೇ ಮೊದಲು ನುಗ್ಗುತ್ತಾನೆ.’ ಅನುಭವಜನ್ಯ ವಾದ, ತಳ್ಳಿಹಾಕುವಂತಿಲ್ಲ. ಆದರೆ ಇಂಡಿಕೇಟರ್ ಇರುವುದು ಹಿಂದಿನವನೊಬ್ಬನಿಗೇ ಅಲ್ಲ, ಮುಂದಿನ ಬಾಯಲ್ಲಿ ಕಾದು ನಿಂತವನಿಗೂ. ನಾವು ಇಲ್ಲೇ ಹೊರಗೆ ಹೋಗುತ್ತೇವೆಂದು ತಿಳಿದರೆ ಅವನು ಆ ಹೊತ್ತಿಗೆ ಒಳಗೆ ಬಂದಾನು. ತಿಳಿಯದಿದ್ದರೆ ಸುಮ್ಮನೆ ನಿಂತು, ನಾವು ಹೋದ ಮೇಲೆ ನಮ್ಮ ವಂಶವನ್ನು ನೆನೆಯುತ್ತಾನೆ.

ಭಾಷೆಯ ತೊಡಕೂ ಇಲ್ಲದಿಲ್ಲ. ಬಸ್ಸು ಎಡಕ್ಕೆ ತಿರುಗುವಾಗಲೂ ಕಂಡಕ್ಟರು ಕೂಗುವುದು ‘ರೈಟ್ ರೈಟ್’. ಆಟೋದವರ ಎಡಗಾಲು ಗಾಡಿಯಿಂದ ಹೊರಬಂದರೆ ಅದು ಎಡ ತಿರುವೋ, ಕಾಲು ಜೋಮು ಹಿಡಿದದ್ದೋ ಎಂಬುದರಲ್ಲಿ ಪಾಠಾಂತರಗಳಿವೆ.

ಇದನ್ನೆಲ್ಲ ಪರಿಶೀಲಿಸಲು ನಮ್ಮ ಬಡಾವಣೆಯ ಸರ್ಕಲ್ಲಿನ ಟೀ ಅಂಗಡಿಯ ಬೆಂಚಿನಲ್ಲಿ ಎರಡು ಲೋಟ ಟೀ ಮುಗಿಯುವಷ್ಟು ಹೊತ್ತು ದಿನವೂ ಕೂರುತ್ತಿದ್ದೆ. ಮೂರನೇ ದಿನ ಅಂಗಡಿಯವನು ಕೇಳಿದ, “ಏನ್ ಸಾರ್, ಕ್ಯಾಮೆರಾ ಹಾಕಕ್ಕೆ ಜಾಗ ನೋಡ್ತಿದೀರಾ?” ಅಂದೇ ಹಳೆಯ ಟಿವಿಎಸ್ ಮೇಲೆ ಹಿರಿಯರೊಬ್ಬರು ಬಂದರು. ಹ್ಯಾಂಡಲ್ಲಿಗೆ ಸೊಪ್ಪಿನ ಚೀಲ. ವೃತ್ತದ ಬಾಯಲ್ಲಿ ಕಾಲೂರಿ ನಿಂತರು (ಯತಿ!), ಒಳಗಿದ್ದವರನ್ನೆಲ್ಲ ಹೋಗಗೊಟ್ಟರು. ಆಮೇಲೆ ಬಲಗೈ ಹೊರಚಾಚಿ ಗಡಿಯಾರಕ್ಕೆ ಎದುರುದಿಕ್ಕಿನಲ್ಲಿ ನಿಧಾನ ತಿರುಗಿಸಿದರು. ಎಡಕ್ಕೆ ಹೋಗುವವನು ಕೈಯಲ್ಲಿ ತೋರಿಸಬೇಕೆಂದು 1989ರ ಆ ನಿಯಮಾವಳಿ ಹೇಳಿದ್ದು ಇದನ್ನೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ನನಗೆ ಎದ್ದು ನಮಸ್ಕಾರ ಮಾಡುವ ಹಾಗಾಯಿತು. ಹಿಂದಿದ್ದ ಬೈಕಿನ ಹುಡುಗ ಮಾತ್ರ ಗಾಬರಿಯಾಗಿ ಪಕ್ಕಕ್ಕೆ ತಂದು, “ಯಜಮಾನ್ರೇ, ಜೇನುಹುಳ ಏನಾರಾ ಕಚ್ತಾ?” ಎಂದ.

ಸಿದ್ಧಾಂತವಾದ ಮೇಲೆ ಪ್ರಯೋಗವೂ ಆಗಬೇಕಲ್ಲ. ಮರುದಿನ ನನ್ನ ಸ್ಕೂಟರಿನಲ್ಲಿ ಅದೇ ಸರ್ಕಲ್ಲಿಗೆ ಬಂದೆ. ನಿಂತೆ. ಒಳಗಿದ್ದವರು ಹೋದರು, ಹಿಂದಿದ್ದವರು ಪ್ರಾಸವಿಟ್ಟರು. ಒಳಹೊಕ್ಕು, ಮೊದಲ ಬಾಯಿ ದಾಟಿದೊಡನೆ ಎಡ ಇಂಡಿಕೇಟರ್ ಹಾಕಿದೆ. ಪಕ್ಕದಲ್ಲಿ ಸಾಗುತ್ತಿದ್ದ ಬೈಕಿನ ಹಿಂದೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ತಾಯಿ ನನ್ನತ್ತ ನೋಡಿ ಅಂಗೈಯನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಮಾಡತೊಡಗಿದರು.

“ಅಂಕಲ್, ಇಂಡಿಕೇಟ್ರು! ಆಫ್ ಮಾಡಿ!”

“ಬೇಕೂಂತಲೇ ಹಾಕಿದೀನಮ್ಮಾ, ಎಡಕ್ಕೆ ಹೋಗ್ಬೇಕು.”

“ಹೋಗೋದಾದ್ರೆ ಹೋಗಿ ಅಂಕಲ್, ಅದ್ಯಾಕೆ ಮಿಣಮಿಣ ಅನ್ನಿಸ್ಕೊಂಡ್ ಹೋಗ್ತೀರ? ಬ್ಯಾಟ್ರಿ ಹೋಗತ್ತೆ.”

ಅಷ್ಟು ಕಾಳಜಿಯಿಂದ ಹೇಳಿದಾಗ ಒಲ್ಲೆನೆನ್ನುವುದು ಸೌಜನ್ಯವಲ್ಲ. ಆಫ್ ಮಾಡಿದೆ. ಆರಿದ್ದೇ ತಡ, ಇವನು ಸುತ್ತುವ ಗಿರಾಕಿ ಎಂದು ತಿಳಿದ ಆಟೋವೊಂದು ನನ್ನ ಎಡಕ್ಕೆ ತೂರಿಕೊಂಡಿತು. ಅದರ ಬೆನ್ನಿಗೆ ಇನ್ನೆರಡು ಲಘು. ನನ್ನ ರಸ್ತೆ ನನ್ನ ಕಣ್ಣೆದುರೇ ಹಿಂದೆ ಸರಿಯಿತು. ಕಟ್ಟೆಯ ಮಹನೀಯರನ್ನು ಬಲಕ್ಕಿಟ್ಟುಕೊಂಡು ಎರಡನೇ ಸುತ್ತಿಗೆ ಬರುವಾಗ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಕೂಗಿದ: “ಇನ್ನೊಂದ್ ಹಾಕ್ಬಿಡಿ ಸಾರ್, ಮೂರ್ ಸುತ್ತಾಗತ್ತೆ!”