ಎರಡನೆಯ ಕ್ಯಾಮೆರಾದ ಮಹಾಶಯ

ಚಿಕ್ಕೋಡಿ ತಾಲೂಕಿನ ನಮ್ಮ ಕರೋಶಿಯಲ್ಲಿ ಲಗ್ನ ನಿಶ್ಚಯವಾದ ಮನೆಯವರು ಅಯ್ಯನವರಲ್ಲಿ ಮುಹೂರ್ತ ಕೇಳುವುದಕ್ಕೆ ಮೊದಲು ಛಾಯಾಗ್ರಾಹಕನ ಬಿಡುವನ್ನು ವಿಚಾರಿಸುವ ಕಾಲ ಬಂದು ಕೆಲವು ವರ್ಷಗಳಾದುವು. ತುಳಸೀಲಗ್ನ ಮುಗಿಯುತ್ತಲೇ ಮೊದಲಾಗುವ ಈ ಋತುವಿನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆಗೂ, ವರನ ಮೆರವಣಿಗೆಗಳು ಅದಕ್ಕಿಂತ ದೊಡ್ಡ ದನಿಯ ಹಾಡು ಹಚ್ಚಿಕೊಂಡು ಮಂಗಲ ಕಾರ್ಯಾಲಯದ ಕಡೆಗೂ ಸಾಗುತ್ತಿರುವಾಗ, ಎರಡು ಕಡೆಯ ಧೂಳನ್ನೂ ಸಮಭಾವದಿಂದ ಸ್ವೀಕರಿಸುತ್ತ, ಕೊರಳಲ್ಲೊಂದು, ಹೆಗಲ ಚೀಲದಲ್ಲೊಂದು ಕ್ಯಾಮೆರಾ ಹೊತ್ತು ನಡೆಯುವ ಪುರುಷನೇ ಈ ಲೇಖನದ ನಾಯಕ. ಹೆಸರು ಬೇಡ. ಇಂಥವರು ನಿಪ್ಪಾಣಿಯಲ್ಲಿದ್ದಾರೆ, ರಾಯಬಾಗದಲ್ಲಿದ್ದಾರೆ, ಅಥಣಿಯಲ್ಲಿಯೂ ಕಾಗವಾಡದಲ್ಲಿಯೂ ಇದ್ದಾರೆ. ನನ್ನ ಪಾಲಿಗೆ ಬಂದವನು ಕರೋಶಿಯವನು, ಅಷ್ಟೆ.

ಕೊರಳಿನ ಕ್ಯಾಮೆರಾದ ಕುರಿತು ನನಗೆ ತಕರಾರಿಲ್ಲ; ಚೀಲದೊಳಗಿನದರ ಕುರಿತು ಉಂಟು. ಅದರ ಹಿಡಿಕೆಯ ರಬ್ಬರು ಕಳಚಿ ಬಹುಕಾಲ ಸಂದಿದೆ. ಬ್ಯಾಟರಿಯ ಮುಚ್ಚಳವನ್ನು ಸೈಕಲ್ ಟ್ಯೂಬಿನ ಪಟ್ಟಿಯೊಂದು ಹಿಡಿದು ನಿಲ್ಲಿಸಿದೆ. ಹಿಂಬದಿಯ ಪರದೆಯ ಮೇಲೆ ಅಡ್ಡಲಾಗಿ ಹಾಯ್ದ ಬಿರುಕು, ಆ ಪರದೆಯಲ್ಲಿ ಕಂಡ ಎಲ್ಲ ವಧುಗಳ ಹಣೆಯ ಮೇಲೂ ಪಕ್ಷಪಾತವಿಲ್ಲದೆ ಒಂದು ಗೀರು ಎಳೆಯುತ್ತದೆ. ಅದನ್ನು ಬದಲಿಸಬೇಕೆಂಬುದರಲ್ಲಿ ಅದರ ಒಡೆಯನಿಗೂ ಭಿನ್ನಾಭಿಪ್ರಾಯವಿಲ್ಲ. ಈಗಲೇ ಬದಲಿಸುವುದೋ, ಸ್ವಲ್ಪ ತಡೆಯುವುದೋ ಎಂಬುದೊಂದೇ ಜಿಜ್ಞಾಸೆ. "ಇನ್ನೊಂದೀಟ ತಡದ್ರ ಛಲೋ ಮಾಲ ಬರತೈತ್ರಿ ಸರ" ಎಂಬುದು ಅವನ ಸಿದ್ಧಾಂತ.

ನಿವೃತ್ತ ಶಿಕ್ಷಕನಾದ ನನಗೆ ಲೆನ್ಸಿಗೂ ಅದರ ಮುಚ್ಚಳಕ್ಕೂ ಇರುವ ಭೇದಕ್ಕಿಂತ ಹೆಚ್ಚಿನ ಕ್ಯಾಮೆರಾಜ್ಞಾನವಿಲ್ಲ. ಆದರೂ ಅವನು ಅಂಗಡಿಯ ಮುಂದಿನ ಬಾಕಿನ ಮೇಲೆ ಕೂಡ್ರಿಸಿ, ಚಹಾ ತರಿಸಿ, "ನೀವ ಹೇಳ್ರಿ ಸರ, ಈಗ ತಗೊಳ್ಳೂನೋ ಬ್ಯಾಡೋ" ಎಂದು ಕೇಳಿದರೆ, ನಾನು ಕನ್ನಡಕ ಸರಿಪಡಿಸಿಕೊಂಡು ಡಾಲರಿನ ಏರಿಳಿತ, ಜಪಾನಿನ ಆರ್ಥಿಕಸ್ಥಿತಿ ಮುಂತಾದ ಗಹನವಿಷಯಗಳನ್ನು ಪ್ರತಿಪಾದಿಸತೊಡಗುತ್ತೇನೆ. ಚಹಾದ ಋಣ ಸಾಮಾನ್ಯವಾದುದಲ್ಲ.

ಇವನನ್ನು ಜಿಪುಣನೆಂದು ಬಗೆಯುವುದು ಅನ್ಯಾಯ. ಇವನಿಗೆ ವಿಧಿಯೇ ಪ್ರತಿಕೂಲವಾಗಿದೆ. ಅಂದರೆ, ವಿಧಿ ಇವನನ್ನು ಪದೇ ಪದೇ ಗೆಲ್ಲಿಸಿದೆ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಡಿಜಿಟಲ್ ಕ್ಯಾಮೆರಾಕ್ಕೆ ನೂರಕ್ಕೆ 28ರಷ್ಟು ತೆರಿಗೆ ಬಿತ್ತು. ಇವನು ತಡೆದ. 2019ರ ಜನವರಿ 1ರಿಂದ ಅದು 18ಕ್ಕೆ ಇಳಿಯಿತು! ಹಾಗಾದರೆ ಇನ್ನಾದರೂ ಕೊಳ್ಳಬಹುದಲ್ಲ ಎಂದರೆ, ಅಷ್ಟರಲ್ಲಿ ಕನ್ನಡಿಯಿಲ್ಲದ ಕ್ಯಾಮೆರಾಗಳ ಯುಗ ತೆರೆದಿತ್ತು. 2018ರಲ್ಲಿ ನಿಕಾನ್ ಸಂಸ್ಥೆ ಹೊರತಂದ ಝಡ್ 6ರಲ್ಲಿ ಕಾರ್ಡು ಹಾಕುವ ಖಾನೆ ಒಂದೇ ಇದ್ದುದನ್ನು ಕಂಡು, "ಎರಡ ಖಾನೇದ್ದ ಬರ್ಲಿ" ಎಂದು ತಡೆದ. 2020ರ ಅಕ್ಟೋಬರಿನಲ್ಲಿ ಅದರ ಎರಡನೆಯ ಆವೃತ್ತಿ ಎರಡು ಖಾನೆಗಳೊಡನೆಯೇ ಅವತರಿಸಿತು. ಅದೇ ವರ್ಷದ ಮಾರ್ಚಿನಲ್ಲಿ, ಬಂಧುಗಳ ಒತ್ತಾಯಕ್ಕೆ ಮಣಿದು ಕೊಲ್ಹಾಪುರಕ್ಕೆ ಹೋಗಿ ಹಣ ಕಟ್ಟಿಬರುವುದೆಂದು ಗೊತ್ತುಮಾಡಿದ್ದವನು ಕಬ್ಬಿನ ಬಿಲ್ಲು ಬರಲಿಲ್ಲವೆಂದು ಮುಂದೂಡಿದ. ಲಾಕ್‌ಡೌನು ಬಂದು, ಲಗ್ನಕ್ಕೆ 50 ಜನರ ಮೇಲೆ ಸೇರಕೂಡದೆಂಬ ಕಟ್ಟಳೆಯಾಗಿ, ಆ ಋತುವಿನ ದುಡಿಮೆ ಮಣ್ಣುಪಾಲಾಯಿತು. ಸಾಲ ಮಾಡಿ ಕೊಂಡಿದ್ದವರು ಕಂತು ಕಟ್ಟಲಾರದೆ ಒದ್ದಾಡುತ್ತಿದ್ದಾಗ ಇವನು ನಿಶ್ಚಿಂತನಾಗಿ ಹಿತ್ತಿಲಲ್ಲಿ ಮೆಣಸಿನ ಗಿಡಕ್ಕೆ ನೀರು ಬಿಡುತ್ತಿದ್ದ. ಒಂದು ಸಲ ಗೆದ್ದವನನ್ನು ತಿದ್ದಬಹುದು. ಹೀಗೆ ಸಾಲಾಗಿ ಗೆದ್ದವನನ್ನು ಬ್ರಹ್ಮನೂ ತಿದ್ದಲಾರ.

ಅವನ ತರ್ಕದಲ್ಲಿ ತಥ್ಯವೂ ಇಲ್ಲದಿಲ್ಲ. ಎರಡನೆಯ ಕ್ಯಾಮೆರಾ ಮೊದಲನೆಯದರ ಒಡಹುಟ್ಟಾಗಿರಬೇಕು: ಅದೇ ಬ್ಯಾಟರಿ, ಅದೇ ಲೆನ್ಸು, ಕತ್ತಲಲ್ಲಿ ಬೆರಳು ಹುಡುಕುವ ಜಾಗದಲ್ಲಿಯೇ ಗುಂಡಿಗಳು. ಹೊಸ ಜಾತಿಯದನ್ನು ತಂದರೆ ಹಳೆಯ ಲೆನ್ಸುಗಳಿಗೆ ನಡುವೆ ಅಡಾಪ್ಟರು ಬೇಕು, ಕೆಲವದಕ್ಕೆ ಬ್ಯಾಟರಿಯೂ ಬೇರೆ, ಕಾರ್ಡೂ ಬೇರೆ. ಹಳೆಯ ಜಾತಿಯದನ್ನೇ ಕೊಂಡರೆ, ಕಂಪನಿಗಳೇ ಕೈಬಿಡುತ್ತಿರುವ ವಂಶಕ್ಕೆ ಹಣ ಸುರಿದಂತೆ. ಅಲ್ಲದೆ, ಸಾಮಾನ್ಯವಾಗಿ ಎರಡನೆಯ ಕ್ಯಾಮೆರಾವನ್ನು ಎರಡನೆಯದೆಂದು ಯಾರೂ ಕೊಳ್ಳುವುದಿಲ್ಲ. ಹೊಸದು ಬಂದು ಕೊರಳೇರುತ್ತದೆ, ಕೊರಳಲ್ಲಿದ್ದುದು ಚೀಲಕ್ಕಿಳಿಯುತ್ತದೆ. ಹೀಗಾಗಿ ಚೀಲದ ಪ್ರಶ್ನೆಯೆಂದು ಆರಂಭವಾದುದು ಕೊರಳಿನ ಪ್ರಶ್ನೆಯಾಗಿ ಬೆಳೆದು, ಇಪ್ಪತ್ತು-ಮೂವತ್ತು ಸಾವಿರದ ಮಾತು ಲಕ್ಷಕ್ಕೇರಿ, ಕಡೆಗೆ ಚಹಾದ ಇನ್ನೊಂದು ಕಪ್ಪಿನಲ್ಲಿ ಶಾಂತವಾಗುತ್ತದೆ. ಇತ್ತ ಒಂದೊಂದು ಲಗ್ನಕ್ಕೆ ಎರಡು-ಮೂರು ಸಾವಿರ ಸಲ ಬಡಿದುಕೊಳ್ಳುವ ಶಟರು, ಒಂದೂವರೆ ಲಕ್ಷ ಸಲವೆಂದು ತಯಾರಕರು ಹೇಳಿದ ಆಯುಷ್ಯವನ್ನು ದಾಟಿ, ಕೇವಲ ದೈವಕೃಪೆಯಿಂದ ನಡೆಯುತ್ತಿರುತ್ತದೆ.

ಒಮ್ಮೆ ನಾನು ರೇಗಿ, ಕೊಲ್ಹಾಪುರದ ಬಾಬುರಾವ್ ಪೇಂಟರರ ಕಥೆ ಹೇಳಿದೆ. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಆ ಪುಣ್ಯಾತ್ಮರು ಚಲನಚಿತ್ರ ತೆಗೆಯುವ ಹಂಬಲ ಹತ್ತಿದಾಗ, ವಿಲಾಯಿತಿಯ ಯಂತ್ರಕ್ಕಾಗಿ ಕಾಯುತ್ತ ಕುಳಿತುಕೊಳ್ಳದೆ, ಜೊತೆಯಲ್ಲಿ ದುಡಿದ ಸೋದರಬಂಧು ಆನಂದರಾವ್ ನಡುವೆಯೇ ತೀರಿಕೊಂಡರೂ ಎದೆಗುಂದದೆ, ದಾಮ್ಲೆ ಎಂಬವರ ನೆರವಿನಿಂದ 1918ರ ಸುಮಾರಿಗೆ ಕ್ಯಾಮೆರಾವನ್ನು ತಾವೇ ಕಟ್ಟಿ, 1920ರಲ್ಲಿ 'ಸೈರಂಧ್ರಿ' ಚಿತ್ರವನ್ನು ಜನರ ಮುಂದಿಟ್ಟರು. ಇದು ನಡೆದುದು ನಮ್ಮೂರ ಜನ ಲಗ್ನದ ಜವಳಿಗೆ ಹೋಗಿಬರುವ ಊರಿನಲ್ಲಿ! ಇವನು ಏಕಾಗ್ರತೆಯಿಂದ ಕೇಳಿ, ನಿಟ್ಟುಸಿರು ಬಿಟ್ಟು, "ಅವ್ರಿಗೆ ಯೂಟ್ಯೂಬ್ ಇರಲಿಲ್ರಿ ಸರ; ಇದ್ದಿದ್ರ ಅವ್ರೂ ತಡೀತಿದ್ರು" ಎಂದ. ಉತ್ತರ ಹೊಳೆಯದೆ ನಾನು ಚಹಾ ಮುಗಿಸಿದೆ.

ಇಷ್ಟರಲ್ಲಿಯೇ ಮುಗಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನನ್ನ ತಂಗಿಯ ಮಗಳ ಲಗ್ನದ ಮಾತು ಇನ್ನಿದೆ.

ಅಂತರಪಟದ ಒಂದು ತುದಿ ಸೋದರಮಾವನಾದ ನನ್ನ ಕೈಯಲ್ಲಿತ್ತು. ಮಂಗಲಾಷ್ಟಕಗಳು ಕಡೆಯ ಹಂತಕ್ಕೆ ಬಂದಿದ್ದುವು. ಅಕ್ಷತೆ ಹಿಡಿದ ಮುಷ್ಟಿಗಳು ಸಭಾಮಂಟಪದ ತುಂಬ ಸಿದ್ಧವಾಗಿದ್ದುವು. ಆಗ ಕೊರಳಿನ ಕ್ಯಾಮೆರಾ ಇದ್ದಕ್ಕಿದ್ದಂತೆ 'ಎರರ್' ಎಂಬ ಅಕ್ಷರಗಳನ್ನು ತೋರಿ ಮೌನವ್ರತ ಹಿಡಿಯಿತು. ಮಹಾಶಯ ಗಾಬರಿಯಾಗಲಿಲ್ಲ, ಎರಡನೆಯದು ಇದ್ದೇ ಇದೆಯಷ್ಟೆ? ಅವನ ಅಳಿಯ ಚೀಲ ಬಿಚ್ಚಿದ. ಟ್ಯೂಬಿನ ಪಟ್ಟಿ ಬಿಚ್ಚಿದ. ಬ್ಯಾಟರಿ ತುರುಕಿ ಪಟ್ಟಿಯನ್ನು ಮತ್ತೆ ಬಿಗಿದ. ಲೆನ್ಸು ಕಳಚಿ ಇದಕ್ಕೆ ತೊಡಿಸಿದ. ಅದು ಒಂದೇ ಒಂದು ಚಿತ್ರ ತೆಗೆದು, ಒಳಗಿನ ಕನ್ನಡಿಯನ್ನು ಮೇಲೆತ್ತಿದ್ದು ಇಳಿಸಲೊಲ್ಲದೆ ಕುಳಿತಿತು. ಇವನು ಅದರ ಬೆನ್ನಿಗೆ ಎರಡು ಏಟು ಕೊಟ್ಟು, "ತಡೀರಿ! ತಡೀರ್ರಿ!" ಎಂದು ಕೈಯೆತ್ತಿ ಕೂಗಿದ. ಎತ್ತಿದ ಕೈಯನ್ನು ಸಂಜ್ಞೆಯೆಂದು ತಿಳಿದು ಬ್ಯಾಂಡಿನವರು ಬಾರಿಸಿಬಿಟ್ಟರು. ಅಕ್ಷತೆ ಮಳೆಗರೆಯಿತು, ಪಟ ಸರಿಯಿತು, ಮಾಲೆಗಳು ಬದಲಾದುವು. ಜನ್ಮವೆಲ್ಲ ತಡೆಯಿರೆಂದು ಉಪದೇಶಿಸಿದವನ ಮಾತನ್ನು, ತಡೆಯಬೇಕಾದ ಆ ಒಂದು ಕ್ಷಣದಲ್ಲಿ ಒಬ್ಬನೂ ತಡೆದು ಕೇಳಲಿಲ್ಲ.

ಬ್ಯಾಟರಿ ತೆಗೆದು ಹಾಕಲಾಗಿ ಮೊದಲನೆಯದಕ್ಕೆ ಜೀವ ಬಂದಾಗ ಅರ್ಧ ಜನ ಪಂಕ್ತಿಯಲ್ಲಿದ್ದರು. ಅಕ್ಷತೆಯ ಚಿತ್ರವಿಲ್ಲದ ಆಲ್ಬಮ್ಮನ್ನು ಬೀಗರು ಒಪ್ಪುವರೆ? ಜಮಖಾನೆಯ ಮೇಲಿನ ಅಕ್ಕಿಯನ್ನು ಬಳಿದು ಹಂಚಿ, ಉಣ್ಣುವವರನ್ನು ಎಬ್ಬಿಸಿ ತಂದು, ಲಗ್ನವಾದವರಿಗೆ ಮತ್ತೆ ಲಗ್ನ ಮಾಡಿಸಿದೆವು. ಆ ಚಿತ್ರ ಈಗ ಆಲ್ಬಮ್ಮಿನ ನಟ್ಟನಡುವೆ ವಿರಾಜಿಸುತ್ತಿದೆ: ಅಂತರಪಟದ ಆಚೆಯೀಚೆ ನಿಂತ ವಧೂವರರ ಕೊರಳಲ್ಲಿ ಆಗಲೇ ಮಾಲೆಗಳಿವೆ; ಹಿರಿಯ ಬೀಗರ ಎಡಗೆನ್ನೆ ಬುಂದಿಲಾಡಿನಿಂದ ಉಬ್ಬಿದೆ; ಅಕ್ಷತೆ ಎರಚುವ ಒಂದು ಕೈ ಬದನೇಕಾಯಿ ಪಲ್ಯದ ಎಣ್ಣೆಯಿಂದ ಹೊಳೆಯುತ್ತಿದೆ; ಪಟದ ಮೇಲಿಂದ ಇಣುಕುವ ನನ್ನ ಮುಖದಲ್ಲಿ ಮಾಂಗಲ್ಯಭಾವವೊಂದನ್ನುಳಿದು ನವರಸಗಳೂ ಮೂಡಿವೆ. ಸಂಜೆ ನಾನು ಜಬರಿಸಿದರೆ, "ಹೊಸಾದ ಇದ್ದಿದ್ರೂ ಅಷ್ಟ ಆಗತಿತ್ರಿ, ಚೀಲದಾಗಿಂದ ತಗ್ಯೂದ್ರಾಗ ಅಕ್ಷತಾ ಮುಗೀತಿತ್ತು" ಎಂದ. ಹಾಗಾದರೆ ಎರಡನ್ನೂ ಕೊರಳಿಗೇ ಹಾಕಿಕೊಳ್ಳಬಾರದೆ? "ಹಳೇದನ್ನ ಹಾಕ್ಕೊಂಡ ಅಡ್ಡಾಡಿದ್ರ ಮಂದಿ ನಗತಾರ್ರಿ. ಹೊಸಾದ ಬರ್ಲಿ, ಹಾಕ್ಕೋತೇನಿ."

ಆದರೂ ಇವನ ಮೇಲೆ ಬಹುಕಾಲ ಸಿಟ್ಟು ನಿಲ್ಲುವುದಿಲ್ಲ. ಇವನ ತಂದೆಯವರೂ ಛಾಯಾಗ್ರಾಹಕರೇ. ಎರಡು ಕಣ್ಣಿನ ಒಂದು ಯಾಶಿಕಾ, ಅದರೊಳಗೆ ಹನ್ನೆರಡೇ ಚಿತ್ರಗಳ ಒಂದು ರೋಲು, ಇಷ್ಟೇ ಅವರ ಬಂಡವಾಳ. ಎರಡನೆಯ ಕ್ಯಾಮೆರಾ ಎಂಬುದನ್ನು ಅವರು ಕನಸಿನಲ್ಲಿಯೂ ಕಂಡವರಲ್ಲ. ಆಮದು ಬಿಗಿಯಾಗಿದ್ದ ಆ ದಿನಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು ಸಿಕ್ಕರೆ ಅದೇ ಭಾಗ್ಯ. ಅವರೂ ಕಾಯುತ್ತಿದ್ದರು, ಆದರೆ ಅಂಗಡಿಗೆ ಬರಲಿರುವ ಸರಕಿಗಾಗಿಯಲ್ಲ, ಎದುರಿಗೆ ಕುಳಿತ ಮುದುಕಿಯ ಕೆಮ್ಮು ನಿಲ್ಲಲಿ, ಸೊಸೆಯ ನಾಚಿಕೆ ತುಸು ಇಳಿಯಲಿ ಎಂದು. ಒಂದು ಚಿತ್ರ ಕೆಟ್ಟರೆ ರೋಲಿನ ಹನ್ನೆರಡನೆಯ ಒಂದು ಪಾಲು ಹೋದಂತೆ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ತೀರಿಕೊಂಡ ಹಿರಿಯರ ಮುಖವೆಂದು ಉಳಿದಿರುವುದು ಹಾಗೆ ಕಾದು ತೆಗೆದ ಒಂದೊಂದೇ ಚಿತ್ರ. ನನ್ನ ತಾಯಿಯದೂ ಅದೇ. ಅದನ್ನು ಕುಂಕುಮ ಹಚ್ಚಲು ಇಳಿಸಿದಾಗಲೆಲ್ಲ, ಆ ತಂದೆಗೆ ಈ ಮಗನೆ ಎಂದುಕೊಳ್ಳುತ್ತೇನೆ. ಮರುಕ್ಷಣವೇ, ಅವರ ಕಾಲಕ್ಕೆ ಅಂಗಡಿಯಲ್ಲಿ ಆರಿಸಲು ಏನೂ ಇರಲಿಲ್ಲ, ಇವನ ಕಾಲಕ್ಕೆ ತಿಂಗಳಿಗೊಂದು ಬರುತ್ತದೆ, ಪಾಪ, ಎಂದೂ ಅನಿಸುತ್ತದೆ.

ಪಾಪವೆನ್ನುವುದಕ್ಕೂ ಮಿತಿಯುಂಟು. ಮೊನ್ನೆ ಬಂದು, ಹೊಸ ಮಾದರಿ ಬಂದರೆ ಹಳೆಯದರ ಬೆಲೆ ಬೀಳುವುದೆಂದು ತಿಳಿಸಿ, ಬಿದ್ದ ಬೆಲೆಯಲ್ಲಿ ಹಳೆಯದನ್ನು ಕೊಳ್ಳುವುದೋ ಏರಿದ ಬೆಲೆಯಲ್ಲಿ ಹೊಸದನ್ನೋ ಎಂದು ಕೇಳಿದ. ಮುಂದಿನ ತುಳಸೀಲಗ್ನದವರೆಗೆ ವಿಚಾರ ಮಾಡೋಣವೆಂದು ಎದ್ದುಹೋದ. ಆದುದರಿಂದ ಬರುವ ಋತುವಿನಲ್ಲಿ ಲಗ್ನವಿಟ್ಟುಕೊಂಡ ಸೀಮೆಯ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ: ಛಾಯಾಗ್ರಾಹಕನ ಕೈಗೆ ಸಂಚಕಾರದ ಹಣ ಕೊಡುವ ಮೊದಲು ಚೀಲದೊಳಗಿನ ಕ್ಯಾಮೆರಾವನ್ನು ಹೊರತೆಗೆಸಿ, ನಿಮ್ಮೆದುರಿಗೇ ಅದರಿಂದ ಹತ್ತು ಚಿತ್ರ ತೆಗೆಸಿ ನೋಡಿರಿ, ಸೈಕಲ್ ಟ್ಯೂಬು ಕಂಡರೆ ಹಣವನ್ನು ಹಿಂದಕ್ಕೆ ಜೇಬಿಗಿಳಿಸಿ, ತಡೆಯಿರಿ.